ಅಮೆರಿಕದ ರಾಜ್ಯಗಳು ಗರ್ಭಪಾತಕ್ಕೆ ಬಿಗಿ ಕಾನೂನು ತಂದಾಗ ಜನ ಏನಂದರು?

ಬೀದಿಯ ಪ್ರತಿಭಟನೆಗಿಂತ ಜಾಸ್ತಿ ಹೇಳಿದ್ದು ಮತಪತ್ರ. 2022ರ ಜೂನ್ 24ರಂದು ಸುಪ್ರೀಂ ಕೋರ್ಟ್ ದೇಶವಿಡೀ ಗರ್ಭಪಾತದ ಹಕ್ಕು ಕೊಟ್ಟಿದ್ದ 1973ರ ರೋ ವರ್ಸಸ್ ವೇಡ್ ತೀರ್ಪನ್ನು ರದ್ದು ಮಾಡಿ, ವಿಷಯವನ್ನು ರಾಜ್ಯಗಳಿಗೆ ಬಿಟ್ಟಿತು. ಆರು ವಾರ ಕಳೆಯುವ ಮೊದಲೇ ಕ್ಯಾನ್ಸಸ್‌ನಲ್ಲಿ ಮತದಾನ ನಡೆಯಿತು. ಆ ರಾಜ್ಯ, ಹೆಚ್ಚಾಗಿ ಗರ್ಭಪಾತವನ್ನು ವಿರೋಧಿಸುವ ರಿಪಬ್ಲಿಕನ್ ಪಕ್ಷದ ಗಟ್ಟಿ ನೆಲ. ಪ್ರಶ್ನೆಯೂ ಗೊಂದಲದ್ದೇ: ‘ಯೆಸ್’ ಗೆದ್ದರೆ ರಾಜ್ಯದ ಸಂವಿಧಾನದಲ್ಲಿದ್ದ ಹಕ್ಕು ಹೋಗುತ್ತದೆ, ‘ನೋ’ ಗೆದ್ದರೆ ಉಳಿಯುತ್ತದೆ. ಸುಮಾರು 59% ಜನ ‘ನೋ’ ಅಂದರು. ಬರೀ ಡೆಮಾಕ್ರಟರಿಂದ ಅಷ್ಟು ಮತ ಬರೋದಿಲ್ಲ, ಅಲ್ವಾ? ಹೆಣ್ಣಿನ ಜೀವದ ಮಾತು ಬಂದಾಗ ಎಷ್ಟೋ ಜನ ಪಕ್ಷ ಬದಿಗಿಟ್ಟರು. ನನಗೆ ಮುಖ್ಯ ಅನ್ನಿಸುವುದು ಇದೇ.

2023ರಲ್ಲಿ ಓಹಾಯೊ ಕೂಡ ಹಕ್ಕಿನ ಪರ ನಿಂತಿತು. 2024ರಲ್ಲಿ ಫ್ಲಾರಿಡಾದಲ್ಲಿ ಹಕ್ಕಿನ ಪರವಾದ ತಿದ್ದುಪಡಿಗೆ ಸುಮಾರು 57% ಬೆಂಬಲ ಸಿಕ್ಕರೂ ಸೋಲಾಯಿತು. ಅಲ್ಲಿ ಸಂವಿಧಾನ ತಿದ್ದಲು 60% ಬೇಕಿತ್ತು.