ಮೀನಿನ ಅಂಕಿಯ ಜೊತೆ ಬಸವನಹುಳುವಿನ ಅಂಕಿಯೂ ಬೇಕು

ಬೆಂಗಳೂರಿನ ಜಕ್ಕೂರು ಕೆರೆಯ ಜಿಲೇಬಿ (ತಿಲಾಪಿಯಾ) ಮೀನಿನಲ್ಲಿ ಸಾರಜನಕ-15 (ಸಾರಜನಕದ ತುಸು ಭಾರವಾದ ರೂಪ) ಊರಾಚೆಯ ಕೆರೆಯ ಮೀನಿಗಿಂತ ಹೆಚ್ಚಿದೆ, ಹಾಗಾದರೆ ಅದು ಇಲ್ಲಿ ಬೇರೆ ಮೀನುಗಳನ್ನು ತಿನ್ನುತ್ತಿದೆಯೇ ಎಂದು ಕೇಳಿದ್ದೀರಿ. ತಿನ್ನುವ ಜೀವಿಯಲ್ಲಿ ಅದರ ಆಹಾರಕ್ಕಿಂತ ಸಾರಜನಕ-15 ಸಾಮಾನ್ಯವಾಗಿ ಹೆಚ್ಚಿರುತ್ತದೆ ನಿಜ, ಆದರೆ ಇಷ್ಟರಿಂದಲೇ ಹಾಗೆ ಹೇಳಲು ಬರುವುದಿಲ್ಲ.

ಜಕ್ಕೂರಿಗೆ ಸಂಸ್ಕರಿಸಿದ ಕೊಳಚೆ ನೀರು ಹರಿದು ಬರುತ್ತದೆ. ಅಂಥ ನೀರಿನಲ್ಲಿ ಸಾರಜನಕ-15ರ ಪಾಲು ಸಾಮಾನ್ಯವಾಗಿ ಮೊದಲೇ ಹೆಚ್ಚಿರುತ್ತದೆ. ಅಮೋನಿಯಾ ಆವಿಯಾಗುವಾಗ, ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಅನಿಲವಾಗಿಸುವಾಗ ಹಗುರವಾದ ಸಾರಜನಕ-14 ಬೇಗ ಹೊರಟುಹೋಗುತ್ತದೆ. ಉಳಿದದ್ದನ್ನು ಪಾಚಿ ಹೀರುತ್ತದೆ, ಪಾಚಿಯನ್ನು ಮೀನು ತಿನ್ನುತ್ತದೆ. ಒಂದು ಹುಳುವನ್ನೂ ಮುಟ್ಟದ ಮೀನಿನಲ್ಲಿಯೂ ಅಂಕಿ ಏರಬಹುದು!

ಆದ್ದರಿಂದ ಎರಡೂ ಕೆರೆಗಳಿಂದ ಪಾಚಿ ತಿನ್ನುವ ಬಸವನಹುಳುಗಳನ್ನು ತನ್ನಿ; ಅವುಗಳ ಆಹಾರಸ್ತರ, ಅಂದರೆ ಆಹಾರ ಸರಪಳಿಯಲ್ಲಿನ ಮೆಟ್ಟಿಲು, 2 (ಪಾಚಿಯದು 1). ಮೀನಿನ ಸಾರಜನಕ-15ರ ಅಂಕಿಯಿಂದ (δ15N, ‰) ಅವುಗಳ ಅಂಕಿಯನ್ನು ಕಳೆದು, 3.4ರಿಂದ ಭಾಗಿಸಿ, 2 ಕೂಡಿಸಿ. ಬಸವನಹುಳು 9, ಮೀನು 12.4 ಬಂದರೆ ಮೀನು 3ನೇ ಸ್ತರದಲ್ಲಿದೆ. 3.4 ಎಂಬುದು ಒಂದು ಸ್ತರ ಮೇಲೇರಿದಾಗ ಅಂಕಿ ಏರುವ ಸರಾಸರಿ ಮಾತ್ರ, ಆದ್ದರಿಂದ ಅರ್ಧ ಸ್ತರದ ವ್ಯತ್ಯಾಸಕ್ಕೆ ದೊಡ್ಡ ಅರ್ಥ ಕಟ್ಟಬೇಡಿ.

ಬಸವನಹುಳುವಿನ ಮಾಂಸವನ್ನಷ್ಟೇ ಒಣಗಿಸಿ ಪುಡಿ ಮಾಡಿ. ಚಿಪ್ಪಿನ ಚೂರು ಸೇರಿದರೆ ಅದರ ಕಾರ್ಬೊನೇಟು, ಜೊತೆಗೇ ಅಳೆಯುವ ಇಂಗಾಲ-13ರ (ಇಂಗಾಲದ ಭಾರವಾದ ರೂಪ) ಅಂಕಿಯನ್ನು ಕೆಡಿಸುತ್ತದೆ. ಮೀನಿನ ಹೊಟ್ಟೆಯನ್ನು ದಯವಿಟ್ಟು ಎಸೆಯಬೇಡಿ. ಸ್ನಾಯು ಹಲವು ವಾರಗಳ, ತಿಂಗಳುಗಳ ಊಟವನ್ನು ಒಟ್ಟಾಗಿ ತೋರಿಸುತ್ತದೆ. ಇತ್ತೀಚಿನ ಊಟದಲ್ಲಿ ಏನೇನಿತ್ತು ಎಂಬುದನ್ನು ಹೊಟ್ಟೆಯನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿಯೇ ತಿಳಿಯಬೇಕು.