ಮಡಚಿದ್ದು ಲ್ಯಾಪ್‌ಟಾಪಿಗೇ ಗೊತ್ತಿಲ್ಲ

ಪ್ರಶ್ನೆ: ನಾನು ನಿವೃತ್ತ ಕನ್ನಡ ಶಿಕ್ಷಕಿ. ವಾರಕ್ಕೊಮ್ಮೆ ನಮ್ಮ ಬೀದಿಯ ನಾಲ್ಕಾರು ಮನೆಯವರು ಸೇರಿ ಗಮಕ ವಾಚನ ಮಾಡುತ್ತೇವೆ. ಹಳೆಯ ಪುಸ್ತಕದ ಸಣ್ಣ ಅಕ್ಷರ ನನ್ನ ಕಣ್ಣಿಗೆ ಹಿಡಿಯುವುದಿಲ್ಲವೆಂದು ಮಗ ಪೂರ್ತಿ ಹಿಂದಕ್ಕೆ ಮಡಚುವಂಥ ಲ್ಯಾಪ್‌ಟಾಪ್ ತಂದುಕೊಟ್ಟ. ಅದನ್ನು ಹಲಗೆಯಂತೆ ಮಡಚಿ, ವ್ಯಾಸಪೀಠದ ಮೇಲೆ ಉದ್ದಕ್ಕೆ ಇಟ್ಟುಕೊಂಡು ಪಿಡಿಎಫ್ ಪುಟ ದೊಡ್ಡದು ಮಾಡಿ ಓದುತ್ತೇನೆ. ಒಂದು ವರ್ಷ ಚೆನ್ನಾಗಿಯೇ ನಡೆಯಿತು. ಈಗ ಎರಡು ತಿಂಗಳಿಂದ ಪುಟ ತಿರುಗುವುದೇ ಇಲ್ಲ, ಷಟ್ಪದಿಯೆಲ್ಲ ಮಗ್ಗುಲಾಗಿ ಮಲಗಿರುತ್ತದೆ. ‘ರೊಟೇಶನ್ ಲಾಕ್’ ಎಂಬ ಗುಂಡಿ ಮಸುಕಾಗಿದೆ, ಮುಟ್ಟಿದರೆ ಅಲುಗದು. ಅಂಗಡಿಯವರು ಸೆನ್ಸರ್ ಹೋಗಿದೆ, ಮದರ್‌ಬೋರ್ಡ್ ಬದಲಿಸಬೇಕು, 18,000 ರೂಪಾಯಿ ಎಂದರು. ಮಾಡಿಸಲೇ? ಓದುತ್ತಿರುವಾಗ ಪುಟಗಳು ತಾವಾಗಿಯೇ ಓಡುವ ಇನ್ನೊಂದು ಸಣ್ಣ ತೊಂದರೆಯೂ ಇದೆ. ಅದಕ್ಕೆ ಬೇರೆ ಕಾಗದ ಬರೆಯುತ್ತೇನೆ.
– ನಿವೃತ್ತ ಶಿಕ್ಷಕಿ, ಸಾಗರ

ಉತ್ತರ: ಬೇರೆ ಕಾಗದ ಬೇಡ ಮೇಡಂ. ಆ ‘ಸಣ್ಣ ತೊಂದರೆ’ಯನ್ನು ನೀವು ಬರೆಯದೇ ಹೋಗಿದ್ದರೆ ನಾನೂ ಅಂಗಡಿಯವರ ಮಾತಿಗೇ ತಲೆಯಾಡಿಸುತ್ತಿದ್ದೆನೋ ಏನೋ.

ಪುಟ ತಾನಾಗಿ ಓಡುವುದೆಂದರೆ ಯಾರೋ ಕೀಲಿ ಒತ್ತುತ್ತಿದ್ದಾರೆ ಎಂದೇ ಅರ್ಥ. ಒತ್ತುತ್ತಿರುವುದು ನಿಮ್ಮ ವ್ಯಾಸಪೀಠ. ಲ್ಯಾಪ್‌ಟಾಪ್ ಹಿಂದಕ್ಕೆ ಮಡಚಿದಾಗ ಕೀಲಿಮಣೆ ಕೆಳಮುಖವಾಗುತ್ತದೆ, ಪೀಠದ ಅಂಚು ಅದಕ್ಕೆ ತಾಗುತ್ತದೆ. ಯಂತ್ರ ಸರಿಯಾಗಿದ್ದರೆ ತಾಗಿದರೂ ಏನೂ ಆಗಬಾರದು. ಮಡಚಿದ್ದು ಗೊತ್ತಾದ ಕೂಡಲೇ ಅದು ಕೀಲಿಮಣೆಯನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ನಿಮ್ಮದು ಮಾಡಿಕೊಳ್ಳುತ್ತಿಲ್ಲ. ಅಂದರೆ ತನ್ನನ್ನು ಮಡಚಿದ್ದಾರೆ ಎಂಬುದೇ ಅದಕ್ಕೆ ತಿಳಿದಿಲ್ಲ, ಮೇಜಿನ ಮೇಲೆ ಮಾಮೂಲಿಯಾಗಿ ಕೂತಿದ್ದೇನೆ ಅಂದುಕೊಂಡಿದೆ. ಹಾಗೆ ಕೂತ ಲ್ಯಾಪ್‌ಟಾಪಿನ ಪರದೆ ತಿರುಗುವ ಪ್ರಮೇಯವೇ ಇಲ್ಲವಲ್ಲ, ಅದಕ್ಕೇ ಆ ಲಾಕ್ ಗುಂಡಿ ಮಸುಕಾಗಿರುವುದು. ಎರಡೂ ಒಂದೇ ರೋಗ.

ಇಷ್ಟನ್ನು ಖಾತ್ರಿ ಮಾಡಿಕೊಳ್ಳಲು ನಾನು ನಿಮಗೆ ಫೋನ್ ಮಾಡಿದ್ದು ನೆನಪಿರಬಹುದು. ಓದುಗರಿಗಾಗಿ ಆ ಮಾತುಕತೆ ಇಲ್ಲಿ ಹಾಕುತ್ತಿದ್ದೇನೆ. ನೋಟ್‌ಪ್ಯಾಡ್ ತೆರೆದು, ಲ್ಯಾಪ್‌ಟಾಪ್ ಮಡಚಿ, ಹಿಂಬದಿಗೆ ಕೈ ಹಾಕಿ ಕೀಲಿ ಒತ್ತಿ ಎಂದೆ. “ಅಕ್ಷರ ಬೀಳ್ತಾ ಇದೆಯಲ್ಲ!” ಎಂದಿರಿ. ಎರಡು ತಿಂಗಳ ಹಿಂದೆ ಹೊಸದಾಗಿ ಏನಾದರೂ ಆಯಿತೇ ಎಂದು ಕೇಳಿದೆ. ಏನೂ ಇಲ್ಲ ಎಂದಿರಿ. ಆಮೇಲೆ ತಡೆದು, “ಮಗಳು ಇಳಕಲ್ ಸೀರೆ ತುಂಡಲ್ಲಿ ಒಂದು ಕವರ್ ಹೊಲಿದುಕೊಟ್ಟಳು, ಅದೂ ಲೆಕ್ಕವೇ?” ಎಂದಿರಿ. ಗುಂಡಿ ಯಾವುದು ಹಾಕಿದ್ದಾರೆ ಎಂದರೆ, ಪರ್ಸಿಗೆ ಹಾಕುತ್ತಾರಲ್ಲ, ಚಟ್ ಅಂತ ಹಿಡಿದುಕೊಳ್ಳುವ ಮ್ಯಾಗ್ನೆಟ್ ಗುಂಡಿ. ಪೀಠದ ಮರ ಗೀಚದಿರಲಿ ಎಂದು ಓದುವಾಗಲೂ ಆ ಕವರ್ ಬಿಚ್ಚುವುದಿಲ್ಲ!

ಇಂಥ ಲ್ಯಾಪ್‌ಟಾಪುಗಳು ತಮ್ಮ ಭಂಗಿಯನ್ನು ತಿಳಿಯುವುದು ಎರಡು ಬಗೆಯಲ್ಲಿ. ಒಂದು, ಅಯಸ್ಕಾಂತ. ಮುಚ್ಚಳದ ಅಂಚಿನಲ್ಲಿ ಪುಟ್ಟ ಅಯಸ್ಕಾಂತ, ಕೆಳಭಾಗದಲ್ಲಿ ಅದು ಹತ್ತಿರ ಬಂದದ್ದನ್ನು ಗುರುತಿಸುವ ‘ಹಾಲ್ ಸೆನ್ಸರ್’. ಇನ್ನೊಂದು, ಗುರುತ್ವವನ್ನು ಅಳೆಯುವ ಆಕ್ಸೆಲೆರೊಮೀಟರ್. ಕೆಲವು ಮಾದರಿಗಳಲ್ಲಿ ಪರದೆಗೊಂದು, ಕೀಲಿಮಣೆಯ ಭಾಗಕ್ಕೊಂದು ಹೀಗೆ ಎರಡು ಆಕ್ಸೆಲೆರೊಮೀಟರ್ ಇಟ್ಟು, ಎರಡರ ವ್ಯತ್ಯಾಸದಿಂದ ಎಷ್ಟು ಮಡಚಿದೆ ಎಂದು ಲೆಕ್ಕ ಹಾಕುತ್ತಾರೆ. ಹೊರಗಿನ ಅಯಸ್ಕಾಂತ ತಗುಲಿದರೆ ಹಾಲ್ ಸೆನ್ಸರ್ ಸುಲಭವಾಗಿ ಮೋಸಹೋಗುತ್ತದೆ.

ಸೆನ್ಸರ್ ಏನು, ನಾನೂ ಮೋಸಹೋದವನೇ. ದುರ್ಗಿಗುಡಿಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಕಾಲ. ಒಬ್ಬರ ಲ್ಯಾಪ್‌ಟಾಪ್ ಐದು ನಿಮಿಷಕ್ಕೊಮ್ಮೆ ನಿದ್ದೆಗೆ ಜಾರುತ್ತಿತ್ತು. ರ್‍ಯಾಮ್ ಬದಲಿಸಿದೆ, ವಿಂಡೋಸ್ ಹೊಸದಾಗಿ ಹಾಕಿದೆ, ಸ್ಕ್ರೂ ಬಿಚ್ಚಿ ಎಲ್ಲ ಹರಡಿಕೊಂಡು ಕೂತೆ. ಸಂಜೆ ಚಹಾ ತಂದ ಹುಡುಗ ಲೋಟ ಇಡಲು ಜಾಗ ಬೇಕೆಂದು ಅದನ್ನೆತ್ತಿ ಪಕ್ಕಕ್ಕಿಟ್ಟ, ನಿದ್ದೆ ನಿಂತಿತು. ನಾನು ಅದನ್ನಿಟ್ಟದ್ದು ಇನ್ನೊಂದು ಮುಚ್ಚಿದ ಲ್ಯಾಪ್‌ಟಾಪಿನ ಮೇಲೆ. ಕೆಳಗಿನದರ ಮುಚ್ಚಳದ ಅಯಸ್ಕಾಂತ ಮೇಲಿನದಕ್ಕೆ ‘ನಿನ್ನ ಮುಚ್ಚಳ ಮುಚ್ಚಿದೆ’ ಎಂದು ಸುಳ್ಳು ಹೇಳುತ್ತಿತ್ತು. ಗಿರಾಕಿಯ ಹತ್ತಿರ ಹಣ ಕೇಳಲು ಬಾಯಿ ಬರಲಿಲ್ಲ.

ಕವರ್ ಬಿಚ್ಚಿಸಿದೆ. ಶಿಫ್ಟ್ ಗುಂಡಿ ಹಿಡಿದುಕೊಂಡೇ ‘ಶಟ್ ಡೌನ್’ ಒತ್ತಲು ಹೇಳಿದೆ. ಬರೀ ಶಟ್ ಡೌನ್ ಒತ್ತಿದರೆ ವಿಂಡೋಸ್ ಪೂರ್ತಿ ಆರುವುದಿಲ್ಲ, ಬೇಗ ಎಚ್ಚರಾಗಲೆಂದು ಹಳೆಯ ಸ್ಥಿತಿಯನ್ನು ಒಂದಷ್ಟು ಬಚ್ಚಿಟ್ಟುಕೊಂಡಿರುತ್ತದೆ; ಶಿಫ್ಟ್ ಹಿಡಿದರೆ ಪೂರ್ತಿ ಆರುತ್ತದೆ. ಮತ್ತೆ ಹಚ್ಚಿ ಮಡಚಿದಾಗ ಕೀಲಿಮಣೆ ಸುಮ್ಮನಾಯಿತು, ಲಾಕ್ ಗುಂಡಿಗೆ ಜೀವ ಬಂತು. ಆದರೆ ವ್ಯಾಸಪೀಠದ ಮೇಲಿಟ್ಟರೆ ಪುಟ ಮಾತ್ರ ಇನ್ನೂ ಅಡ್ಡಡ್ಡ!

ಇದು ರೋಗವಲ್ಲ, ಪ್ರಕೃತಿ ನಿಯಮ. ಆಕ್ಸೆಲೆರೊಮೀಟರ್ ಎಂದರೆ ಗಾರೆಯವರು ಗೋಡೆ ನೆಟ್ಟಗಿದೆಯೇ ಎಂದು ನೋಡಲು ಇಳಿಬಿಡುವ ತೂಗುಗುಂಡಿನ ಹಾಗೆ; ಸಿಲಿಕಾನಿನಲ್ಲಿ ಕೊರೆದ, ಕಣ್ಣಿಗೆ ಕಾಣದಷ್ಟು ಸಣ್ಣದು ಅಷ್ಟೇ. ಪರದೆ ನಿಂತಿದ್ದಾಗ ಭೂಮಿಯ ಸೆಳೆತ ಅದರ ನಾಲ್ಕು ಅಂಚುಗಳಲ್ಲಿ ಒಂದರ ಕಡೆಗಿರುತ್ತದೆ, ಆ ಅಂಚೇ ಕೆಳಗಿನದು ಎಂದು ಯಂತ್ರ ತಿಳಿಯುತ್ತದೆ. ಪರದೆಯನ್ನು ಅಂಗಾತ ಮಲಗಿಸಿದರೆ ಸೆಳೆತ ನೇರವಾಗಿ ಬೆನ್ನಿನ ಕಡೆಗೆ. ನಾಲ್ಕೂ ಅಂಚು ಒಂದೇ ಮಟ್ಟದಲ್ಲಿರುವಾಗ ಓದುವವರು ಯಾವ ಕಡೆ ಕೂತಿದ್ದಾರೆ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಗೊತ್ತಾಗದಿದ್ದಾಗ ಹಿಂದಿನ ದಿಕ್ಕನ್ನೇ ಉಳಿಸಿಕೊಳ್ಳುತ್ತದೆ. ಈ ಸಲ ನೀವು ಮಡಚಿ ನೇರವಾಗಿ ಪೀಠಕ್ಕೆ ಮಲಗಿಸಿದಿರಿ.

ಆದ್ದರಿಂದ ಮೊದಲು ಎದೆಗೆ ಆನಿಸಿ ಉದ್ದಕ್ಕೆ ಹಿಡಿಯಿರಿ. ಪುಟ ತಿರುಗಿದ ಮೇಲೆ ಪರದೆಯ ಬಲಮೂಲೆಯ ವೈಫೈ ಗುರುತು ಮುಟ್ಟಿ, ಅಲ್ಲಿ ‘ರೊಟೇಶನ್ ಲಾಕ್’ ಒತ್ತಿ, ಆಮೇಲೆ ಮಲಗಿಸಿ. ಕಥೆ ಮುಗಿಯುವವರೆಗೆ ಅಲುಗುವುದಿಲ್ಲ. ವಿಂಡೋಸ್ ಗುಂಡಿಯ ಜೊತೆ ಓ ಅಕ್ಷರ ಒತ್ತಿದರೂ ಇದೇ ಲಾಕ್ ಬೀಳುತ್ತದೆ ಎಂದು ಯಾರಾದರೂ ಹೇಳಿಯಾರು. ನಿಜವೇ, ಆದರೆ ಮಡಚಿದಾಗ ನಿಮ್ಮ ಕೀಲಿಮಣೆ ಕೆಲಸ ಮಾಡುವುದಿಲ್ಲವಲ್ಲ!

ಕವರೂ ಇಲ್ಲ, ಅಯಸ್ಕಾಂತವೂ ಇಲ್ಲ, ಆದರೂ ತಿರುಗುತ್ತಿಲ್ಲ ಎನ್ನುವವರು ‘ಡಿವೈಸ್ ಮ್ಯಾನೇಜರ್’ ತೆರೆದು ‘ಸೆನ್ಸರ್ಸ್’ ಎಂಬ ಸಾಲು ಇದೆಯೇ ನೋಡಿ. ವಿಂಡೋಸ್ ಹೊಸದಾಗಿ ಹಾಕಿಸಿಕೊಂಡವರಲ್ಲಿ ಅದು ಕಾಣೆಯಾಗಿರುವುದುಂಟು. ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ತಾಣದಿಂದ ನಿಮ್ಮ ಮಾದರಿಯ ಡ್ರೈವರ್ (ಬಿಡಿಭಾಗವನ್ನು ವಿಂಡೋಸಿಗೆ ಪರಿಚಯಿಸುವ ತಂತ್ರಾಂಶ) ಹಾಕಿದರೆ ಬರುತ್ತದೆ. ‘ಸರ್ವೀಸಸ್’ನಲ್ಲಿ ‘ಸೆನ್ಸರ್ ಮಾನಿಟರಿಂಗ್ ಸರ್ವಿಸ್’ ಯಾರೋ ನಿಲ್ಲಿಸಿಟ್ಟಿದ್ದರೆ ಮತ್ತೆ ಶುರು ಮಾಡಿ. ವಿಂಡೋಸ್ ತನ್ನ ಒಳಗಿನ ಸೆಟ್ಟಿಂಗುಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಗೆ ಹೋಗಿ ಆ ಸಂಖ್ಯೆ ಸೊನ್ನೆ ಮಾಡಿ, ಈ ಸಂಖ್ಯೆ ಒಂದು ಮಾಡಿ ಎನ್ನುವ ವಿಡಿಯೊಗಳ ಸಹವಾಸ ಮಾತ್ರ ಬೇಡ. ಅಲ್ಲಿ ಕೈಯಾಡಿಸಿ ಕೆಡಿಸಿಕೊಂಡು ಬಂದವರ ಯಂತ್ರಗಳನ್ನು ಬೇಕಾದಷ್ಟು ನೋಡಿದ್ದೇನೆ.

ಇನ್ನು ಆ 18,000. ಸೆನ್ಸರ್ ನಿಜಕ್ಕೂ ಹೋಗಿದ್ದರೂ ನಿಮಗೆ ಅದನ್ನು ಖರ್ಚು ಮಾಡಿ ಎನ್ನುತ್ತಿರಲಿಲ್ಲ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಲ್ಲಿ ‘ಡಿಸ್‌ಪ್ಲೇ ಓರಿಯೆಂಟೇಶನ್’ಗೆ ‘ಪೋರ್ಟ್ರೇಟ್’ ಎಂದು ಕೊಟ್ಟರೆ ಪುಟ ಉದ್ದಕ್ಕೆ ನಿಲ್ಲುತ್ತದೆ. ವಾರಕ್ಕೊಂದು ಸಂಜೆಯ ಓದಿಗೆ ಅಷ್ಟು ಸಾಕು. ಕವರನ್ನು ಬಿಸಾಡಬೇಡಿ, ಮಗಳಿಗೆ ಹೇಳಿ ಮ್ಯಾಗ್ನೆಟ್ ಬಿಚ್ಚಿಸಿ ಲಾಡಿ ಹಾಕಿಸಿ.

ಪ್ರಶ್ನೆ: ಸರ್, ನನ್ನ ಮಡಚೋ ಲ್ಯಾಪ್‌ಟಾಪಿಗೆ ಉಬುಂಟು ಹಾಕೀನ್ರಿ. ಸೀದಾ ಹಿಡಿದ್ರ ಸ್ಕ್ರೀನ್ ತೆಳಗಮ್ಯಾಲ ಆಗತೈತಿ, ಉಲ್ಟಾ ಹಿಡಿದ್ರ ಸೀದಾ ಆಗತೈತಿ. ಗೆಳ್ಯಾರು ನಗಾಕತ್ಯಾರ. ವಿಂಡೋಸ್‌ನ್ಯಾಗ ಛಲೋ ಇತ್ತು.
– ಎಂಜಿನಿಯರಿಂಗ್ ವಿದ್ಯಾರ್ಥಿ, ಧಾರವಾಡ

ಉತ್ತರ: ತಮ್ಮಾ, ತಿರುಗುತ್ತಿದೆ ಅಂದಮೇಲೆ ಸೆನ್ಸರ್ ಆರೋಗ್ಯವಾಗಿದೆ. ನಿನ್ನ ಮಾದರಿಯಲ್ಲಿ ಆ ಚಿಪ್ಪನ್ನು ಬೋರ್ಡಿನ ಮೇಲೆ ತಲೆಕೆಳಗಾಗಿ ಬೆಸೆದಿದ್ದಾರೆ, ಆ ಸಂಗತಿ ಉಬುಂಟುವಿಗೆ ತಳಹದಿಯಾದ ಲಿನಕ್ಸಿಗೆ ಗೊತ್ತಿಲ್ಲ. ಮೊದಲು ಟರ್ಮಿನಲ್‌ನಲ್ಲಿ ‘ಮಾನಿಟರ್-ಸೆನ್ಸರ್’ ಆದೇಶ ಕೊಟ್ಟು ನೋಡು. ಸೀದಾ ಹಿಡಿದಾಗ ‘ನಾರ್ಮಲ್’ ಎನ್ನಬೇಕಾದದ್ದು ‘ಬಾಟಮ್-ಅಪ್’ ಎನ್ನುತ್ತಿದ್ದರೆ ನನ್ನ ಊಹೆ ಸರಿ.

ಮದ್ದು ‘ಮೌಂಟ್ ಮೇಟ್ರಿಕ್ಸ್’, ಅಂದರೆ ಚಿಪ್ಪನ್ನು ಯಾವ ದಿಕ್ಕಿಗೆ ಕೂರಿಸಿದ್ದಾರೆ ಎಂದು ಲಿನಕ್ಸಿಗೆ ಹೇಳುವ ಅಂಕಿಗಳ ಕೋಷ್ಟಕ. ಹನ್ನೆರಡನೇ ಕ್ಲಾಸಿನಲ್ಲಿ ಮೇಟ್ರಿಕ್ಸ್ ಏಕೆ ಕಲಿಸಿದರು ಎಂದು ಆಗ ಬೈದುಕೊಂಡಿದ್ದರೆ ಈಗ ವಾಪಸ್ ತಗೋ. ಎಕ್ಸ್ ಮತ್ತು ವೈ ಎರಡರ ಚಿಹ್ನೆಯನ್ನೂ ತಿರುಗಿಸಬೇಕು, ಜೆಡ್ ಇದ್ದಂತೆ ಇರಲಿ: ಮೊದಲ ಸಾಲು -1, 0, 0, ಎರಡನೆಯದು 0, -1, 0, ಮೂರನೆಯದು 0, 0, 1. ಯಂತ್ರದ ಬಿಡಿಭಾಗಗಳನ್ನು ಗುರುತಿಸುವ ಯುಡೆವ್‌ನ ‘ಎಚ್‌ಡಬ್ಲ್ಯುಡಿಬಿ’ ಫೋಲ್ಡರಿನಲ್ಲಿ ಒಂದು ಹೊಸ ಫೈಲ್ ಮಾಡಿ, ನಿನ್ನ ಸೆನ್ಸರ್ ಮತ್ತು ಲ್ಯಾಪ್‌ಟಾಪ್ ಮಾದರಿಯ ಗುರುತಿನ ಕೆಳಗೆ ಇದನ್ನು ಬರೆ, ‘ಸಿಸ್ಟಮ್‌ಡಿ-ಎಚ್‌ಡಬ್ಲ್ಯುಡಿಬಿ ಅಪ್‌ಡೇಟ್’ ಓಡಿಸಿ ಯಂತ್ರ ರೀಸ್ಟಾರ್ಟ್ ಮಾಡು. ಬರೆಯುವ ರೀತಿಗೆ ಮಾದರಿ ಬೇಕಿದ್ದರೆ ಉಬುಂಟುವನ್ನು ಒಳಗಿಂದ ನಡೆಸುವ ಸಿಸ್ಟಮ್‌ಡಿಯ ಜೊತೆಗೇ ಬರುವ ‘60-ಸೆನ್ಸರ್’ ಫೈಲ್ ತೆರೆದು ನೋಡು. ಇದೇ ಪಾಡು ಪಟ್ಟವರ ಯಂತ್ರಗಳ ಉದ್ದ ಪಟ್ಟಿಯೇ ಇದೆ. ನಿನ್ನದು ಸರಿಹೋದರೆ ಆ ಸಾಲನ್ನು ಆ ಪಟ್ಟಿ ನೋಡಿಕೊಳ್ಳುವವರಿಗೂ ಕಳಿಸು. ನಿನ್ನದೇ ಮಾದರಿ ಇಟ್ಟುಕೊಂಡವರು ಮುಂದೆ ಗೆಳೆಯರಿಂದ ನಗಿಸಿಕೊಳ್ಳುವುದು ತಪ್ಪುತ್ತದೆ.

ಪ್ರಶ್ನೆ: ನಮ್ಮದು ಮಡಚುವ ಲ್ಯಾಪ್‌ಟಾಪ್ ಅಲ್ಲ, ಮಾಮೂಲಿ. ಮೂರು ವರ್ಷದ ಮಗ ಕೀಲಿಗಳನ್ನು ಬಡಿದು ಪರದೆ ತಲೆಕೆಳಗು ಮಾಡಿದ್ದಾನೆ. ಮೌಸ್ ಬಲಕ್ಕೆ ಎಳೆದರೆ ಎಡಕ್ಕೆ ಹೋಗುತ್ತದೆ. ನಾಳೆ ಆಫೀಸಿನ ಮೀಟಿಂಗ್ ಇದೆ.
– ಓದುಗ, ತುಮಕೂರು

ಉತ್ತರ: ನಿಮ್ಮ ಮೀಟಿಂಗ್ ಮುಗಿದಿರುತ್ತದೆ, ಆದರೂ ಹೇಳಿಬಿಡುತ್ತೇನೆ. ಕಂಟ್ರೋಲ್, ಆಲ್ಟ್ ಎರಡನ್ನೂ ಹಿಡಿದು ಮೇಲ್ಮುಖದ ಬಾಣ ಒತ್ತಿ. ಹಳೆಯ ಇಂಟೆಲ್ ಗ್ರಾಫಿಕ್ಸ್ ತಂತ್ರಾಂಶ ಇರುವ ಯಂತ್ರಗಳಲ್ಲಿ ನೆಟ್ಟಗಾಗುತ್ತದೆ. ಮಗ ಒತ್ತಿದ್ದು ಬಹುಶಃ ಕೆಳಮುಖದ ಬಾಣ. ಆಗದಿದ್ದರೆ ಲ್ಯಾಪ್‌ಟಾಪನ್ನೇ ತಲೆಕೆಳಗಾಗಿ ಟೆಂಟಿನಂತೆ ನಿಲ್ಲಿಸಿಕೊಳ್ಳಿ, ಆಗ ಮೌಸ್ ಚಲನೆಯೂ ಸರಿಕಾಣುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಓರಿಯೆಂಟೇಶನ್ ‘ಲ್ಯಾಂಡ್‌ಸ್ಕೇಪ್’ ಮಾಡಿ, ಕೂಡಲೇ ‘ಕೀಪ್ ಚೇಂಜಸ್’ ಒತ್ತಿ. 15 ಸೆಕೆಂಡಿನೊಳಗೆ ಒತ್ತದಿದ್ದರೆ ಮತ್ತೆ ತಲೆಕೆಳಗು.