ಮತ್ತಾಯನ ವಂಶಾವಳಿಯ ಸ್ತ್ರೀಯರು: ‘ಪಾಪಿಗಳು’ ಎಂಬ ವಿವರಣೆ ನಿಲ್ಲುತ್ತದೆಯೇ?

ಪ್ರಶ್ನೆ: ಕ್ರಿಸ್‌ಮಸ್‌ಗೆ ಮುಂಚೆ ನಮ್ಮ ಸಭೆಯ ಸ್ತ್ರೀಯರ ಕೂಟದಲ್ಲಿ ಮತ್ತಾಯ 1ನೇ ಅಧ್ಯಾಯದ ಮೇಲೆ ಒಂದು ಗಂಟೆ ಅಧ್ಯಯನ ನಡೆಸಬೇಕಿದೆ. ತಾಮಾರಳು, ರಾಹಾಬಳು, ರೂತಳು, ಊರೀಯನ ಹೆಂಡತಿ, ಮರಿಯಳು ಅಲ್ಲಿನ ಯೇಸುವಿನ ವಂಶಾವಳಿಯಲ್ಲಿ ಬಂದಿರುವುದೇಕೆ? ‘ಮೊದಲ ನಾಲ್ವರೂ ಪಾಪಿಗಳು, ಕ್ರಿಸ್ತನು ಬಂದದ್ದು ಪಾಪಿಗಳಿಗಾಗಿ’ ಎಂಬ ಮಾತನ್ನೇ ಕೇಳುತ್ತಾ ಬಂದಿದ್ದೇವೆ. ಅದು ಸರಿಯೇ?

ಉತ್ತರ: ಆ ಮಾತು ಬಹಳ ಹಳೆಯದು. 4ನೇ ಶತಮಾನದ ಕೊನೆಯಲ್ಲಿ ಮತ್ತಾಯನ ಸುವಾರ್ತೆಗೆ ವ್ಯಾಖ್ಯಾನ ಬರೆದ ಜೆರೋಮನೂ ಹಾಗೆಯೇ ಹೇಳಿದ್ದಾನೆ. ಆದರೆ ಹಳೆಯ ಒಡಂಬಡಿಕೆ ತೆರೆದು ಒಬ್ಬೊಬ್ಬರ ವಿಷಯದಲ್ಲೂ ಅದನ್ನು ಪರೀಕ್ಷಿಸಿ ನೋಡಿ, ನಿಲ್ಲುವುದಿಲ್ಲ.

ರೂತಳಿಂದಲೇ ಶುರು ಮಾಡಿ. ಅವಳ ಹೆಸರಿನ ಪುಸ್ತಕದ ನಾಲ್ಕು ಅಧ್ಯಾಯಗಳಲ್ಲಿ ಅವಳ ಮೇಲೆ ಒಂದು ಆಕ್ಷೇಪಣೆಯೂ ಇಲ್ಲ. ಬೋವಜನು ಅವಳನ್ನು ಗುಣವಂತೆ ಎನ್ನುತ್ತಾನೆ (3:11). ಊರ ಬಾಗಿಲಲ್ಲಿ ಹತ್ತು ಮಂದಿ ಹಿರಿಯರನ್ನು ಕೂರಿಸಿಕೊಂಡು, ಅವರ ಮುಂದೆ ಅವಳನ್ನು ವರಿಸುತ್ತಾನೆ.

ಊರೀಯನ ಹೆಂಡತಿ ಬತ್ಷೆಬೆಯ ವಿಷಯದಲ್ಲಿ ನಮ್ಮ ಪ್ರಸಂಗಗಳು ವಾಕ್ಯಕ್ಕೆ ಎಷ್ಟೋ ಸೇರಿಸಿಬಿಟ್ಟಿವೆ. 2 ಸಮುವೇಲ 11:2ರಲ್ಲಿ ಮಾಳಿಗೆಯ ಮೇಲೆ ತಿರುಗಾಡುತ್ತಿದ್ದವನು ದಾವೀದ. ಅವಳು ಎಲ್ಲಿ ಸ್ನಾನ ಮಾಡುತ್ತಿದ್ದಳೆಂದು ಆ ವಚನ ಹೇಳುವುದೇ ಇಲ್ಲ. ಆಳುಗಳನ್ನು ಕಳುಹಿಸಿ ಅವಳನ್ನು ಕರೆಸಿಕೊಂಡವನೂ ಅವನೇ. ಮುಂದಿನ ಅಧ್ಯಾಯದಲ್ಲಿ ಪ್ರವಾದಿ ನಾತಾನನು ಹೇಳುವ ಸಾಮ್ಯದಲ್ಲಿ ಅವಳು ಬಡವನ ಕುರಿಮರಿ. ಕಿತ್ತುಕೊಂಡ ಐಶ್ವರ್ಯವಂತನ ಮೇಲೆಯೇ ತೀರ್ಪು. ಮತ್ತಾಯನು ಅವಳ ಹೆಸರು ಬಿಟ್ಟು ‘ಊರೀಯನ ಹೆಂಡತಿ’ ಎಂದದ್ದು ಅವಳನ್ನು ಹೀನಾಯ ಮಾಡಲಿಕ್ಕಲ್ಲ ಎಂದೇ ನನ್ನ ಅಭಿಪ್ರಾಯ. ದಾವೀದನು ಕೊಲ್ಲಿಸಿದ ಮನುಷ್ಯನ ಹೆಸರು ದಾವೀದನ ವಂಶಾವಳಿಯಲ್ಲೇ, ಸೊಲೊಮೋನನ ಹೆಸರಿನ ಪಕ್ಕದಲ್ಲೇ ಉಳಿಯುವಂತೆ ಅವನು ಬರೆದಿದ್ದಾನೆ.

‘ಎಲ್ಲರೂ ಅನ್ಯಜನರು’, ಅಂದರೆ ಇಸ್ರಾಯೇಲ್ಯರಲ್ಲದವರು, ಎಂಬ ಇನ್ನೊಂದು ವಿವರಣೆ ಅರ್ಧ ಸರಿ. ರಾಹಾಬಳು ಯೆರಿಕೋವಿನವಳು, ರೂತಳು ಮೋವಾಬ್ಯಳು. ಮೋವಾಬ್ಯರು ಹತ್ತನೆಯ ತಲೆಯವರೆಗೂ ಯೆಹೋವನ ಸಭೆಗೆ ಸೇರಬಾರದೆಂದು ಧರ್ಮೋಪದೇಶಕಾಂಡ 23:3 ಹೇಳುತ್ತದೆ. ಆದರೂ ದಾವೀದನು ರೂತಳ ಮರಿಮಗ. ಎಲ್ಲಾ ದೇಶದವರನ್ನೂ ಶಿಷ್ಯರನ್ನಾಗಿ ಮಾಡಿರಿ ಎಂಬ ಅಪ್ಪಣೆಯಿಂದ ಮುಗಿಯುವ ಸುವಾರ್ತೆಗೆ ಇದು ತಕ್ಕ ಆರಂಭವೇ. ಆದರೆ ಊರೀಯನು ಹಿತ್ತಿಯನಾದ ಮಾತ್ರಕ್ಕೆ ಅವನ ಹೆಂಡತಿಯೂ ಹಿತ್ತಿಯಳೆನ್ನಲು ಆಧಾರವಿಲ್ಲ. ತಾಮಾರಳ ಕುಲವನ್ನೂ ಆದಿಕಾಂಡ ಹೇಳುವುದಿಲ್ಲ. ಮರಿಯಳಂತೂ ಈ ಲೆಕ್ಕಕ್ಕೆ ಬರುವುದೇ ಇಲ್ಲ.

ರಾಹಾಬಳ ಬಗ್ಗೆ ಒಂದು ಎಚ್ಚರಿಕೆ. ಅವಳು ಸಲ್ಮೋನನ ಹೆಂಡತಿಯೆಂದು ತಿಳಿಯುವುದು ಮತ್ತಾಯ 1:5ರಿಂದ ಮಾತ್ರ. ಯೆಹೋಶುವನ ಪುಸ್ತಕದಲ್ಲಿ ಆ ಸಂಗತಿಯಿಲ್ಲ. ಯೆಹೂದ್ಯರ ತಾಲ್ಮುದ್ ಅವಳನ್ನು ಯೆಹೋಶುವನ ಹೆಂಡತಿ ಎನ್ನುತ್ತದೆ. ಆದ್ದರಿಂದ ಯೆರಿಕೋವಿನಲ್ಲಿ ಅವಳು ಬಚ್ಚಿಟ್ಟ ಇಬ್ಬರು ಗೂಢಚಾರರಲ್ಲಿ ಸಲ್ಮೋನನೂ ಒಬ್ಬ ಎಂಬ ಕಥೆಯನ್ನು ನಿಜಾಂಶವೆಂಬಂತೆ ಹೇಳಬೇಡಿ.

ಒಂದು ಗಂಟೆಯಲ್ಲಿ ಐವರನ್ನೂ ತುರುಕಲು ಹೋದರೆ ಪ್ರತಿಯೊಬ್ಬಳಿಗೂ ಒಂದು ಹಣೆಪಟ್ಟಿಯಷ್ಟೇ ಉಳಿಯುತ್ತದೆ. ತಾಮಾರಳನ್ನೂ ಮರಿಯಳನ್ನೂ ಮಾತ್ರ ತೆಗೆದುಕೊಳ್ಳಿ. ಆದಿಕಾಂಡ 38ರ 30 ವಚನಗಳನ್ನು ಬಿಡದೆ ಗಟ್ಟಿಯಾಗಿ ಓದಿಸಿ. ಮುಜುಗರವೆಂದು ನಡುವೆ ಹಾರಿಸಿದರೆ ಅವಳು ಯಾಕೆ ಹಾಗೆ ಮಾಡಿದಳೆಂಬುದೇ ತಿಳಿಯುವುದಿಲ್ಲ. ಅವಳನ್ನು ಒಬ್ಬರಾದ ಮೇಲೊಬ್ಬರು ಮದುವೆಯಾಗಿದ್ದ ಯೆಹೂದನ ಮಕ್ಕಳಾದ ಏರನೂ ಓನಾನನೂ ಸತ್ತ ಮೇಲೆ, ಸತ್ತ ಅಣ್ಣನ ಹೆಂಡತಿಯನ್ನು ತಮ್ಮನು ವರಿಸುವ ಮೈದುನಧರ್ಮದಂತೆ, ಕಿರಿಯ ಮಗ ಶೇಲಹನಿಗೆ ಅವಳನ್ನು ಕೊಡಬೇಕಿತ್ತು. ಯೆಹೂದನು ಕೊಡದೆ, ಅವಳನ್ನು ತೌರುಮನೆಗೆ ಕಳುಹಿಸಿ ಸುಮ್ಮನಾದ. ಅವಳು ವೇಶ್ಯೆಯಂತೆ ಮುಸುಕು ಹಾಕಿಕೊಂಡು ಯೆಹೂದನಿಂದಲೇ ಗರ್ಭಿಣಿಯಾದಳು. ಅದು ತನ್ನಿಂದಲೇ ಎಂದು ಅರಿಯದ ಅವನು, ಅವಳು ಗರ್ಭಿಣಿಯೆಂದು ತಿಳಿದಾಗ ಸುಡಿಸಬೇಕೆಂದು ತೀರ್ಪು ಕೊಟ್ಟ. ಅವಳು ಒತ್ತೆ ಇಟ್ಟುಕೊಂಡಿದ್ದ ಅವನದೇ ಮುದ್ರೆ, ದಾರ, ಕೋಲು ಎದುರಿಗೆ ಬಂದಾಗ ಅವನ ಬಾಯಿಂದ ಬಂದದ್ದು, ಅವಳು ನನಗಿಂತ ನೀತಿವಂತಳು ಎಂಬ ಮಾತು (38:26).

ಇಲ್ಲಿಂದ ನೇರವಾಗಿ ಮತ್ತಾಯ 1:18-25ಕ್ಕೆ ಹೋಗಿ. ಮತ್ತೆ ಒಬ್ಬಳು ಗರ್ಭಿಣಿ. ಮತ್ತೆ ಒಬ್ಬ ಗಂಡಸಿನ ಕೈಯಲ್ಲಿ ತೀರ್ಪು. ಯೋಸೇಫನನ್ನು ಮತ್ತಾಯನು ನೀತಿವಂತ ಎನ್ನುತ್ತಾನೆ, ಅವಳನ್ನು ಅವಮಾನಪಡಿಸಲು ಮನಸ್ಸಿಲ್ಲದವನು ಎನ್ನುತ್ತಾನೆ. ಯೆಹೂದನಿಗೆ ತೀರ್ಪಿನ ನಂತರ ಕಂಡದ್ದನ್ನು ಯೋಸೇಫನು ತೀರ್ಪಿಗೆ ಮುಂಚೆಯೇ ಕಾಣುವಂತೆ ದೂತನು ಕನಸಿನಲ್ಲಿ ಬರುತ್ತಾನೆ. ನನ್ನ ಮಟ್ಟಿಗೆ ಈ ಪಟ್ಟಿಯಲ್ಲಿ ತಾಮಾರಳಿರುವುದಕ್ಕೆ ಇದಕ್ಕಿಂತ ಬಲವಾದ ಕಾರಣವಿಲ್ಲ: ಮರಿಯಳ ಸುದ್ದಿ ಕೇಳಿ ಬೆರಳು ತೋರಿಸಲು ಹೊರಡುವ ಓದುಗನು ಮೊದಲು ತಾಮಾರಳನ್ನು ದಾಟಿ ಬರಬೇಕು.

‘ಬೈಬಲಿನ ಬೇರಾವ ವಂಶಾವಳಿಯಲ್ಲೂ ಹೆಂಗಸರಿಲ್ಲ’ ಎಂದು ಕೂಟದಲ್ಲಿ ಯಾರಾದರೂ ಹೇಳಿದರೆ 1 ಪೂರ್ವಕಾಲವೃತ್ತಾಂತ 2:4 ತೋರಿಸಿ. ತಾಮಾರಳು ಅಲ್ಲಿಯೂ ಇದ್ದಾಳೆ. ಗಮನಿಸಬೇಕಾದದ್ದು ಮತ್ತಾಯನು ಯಾರನ್ನು ಬಿಟ್ಟ ಎಂಬುದು. ಸಾರಳಿಲ್ಲ, ರೆಬೆಕ್ಕಳಿಲ್ಲ, ಯೆಹೂದನ ಹೆತ್ತತಾಯಿ ಲೇಯಳೂ ಇಲ್ಲ. ಯಾಕಿರಬಹುದೆಂದು ಓದು ಮುಗಿದ ಮೇಲೆ ಕೇಳಿ, ಹತ್ತು ನಿಮಿಷ ಅವರೇ ಮಾತಾಡಲಿ.